ಲೆಡ್ಡು ಬಿಸಿ ಮಾಡ್ಬೇಡಿ, ಜಾಗ ಬಿಸಿ ಮಾಡಿ: ಸೋಲ್ಡರಿಂಗ್ ಕಲಿಯೋರು ತಿಳ್ಕೋಬೇಕಾದ ವಿಷಯ

ತಿಪಟೂರು: ಹೋದ ತಿಂಗಳು ನಮ್ಮ ಬೀದಿಯ ದಿನಸಿ ಅಂಗಡಿಯವರು ಒಂದು ಎಮರ್ಜೆನ್ಸಿ ಲೈಟ್ ಹಿಡ್ಕೊಂಡು ಬಂದ್ರು. "ನೋಡಪ್ಪ, ಎರಡು ಸಲ ಬ್ಯಾಟರಿ ಬದಲಾಯಿಸ್ದೆ. ಒಂದು ವಾರ ಉರಿಯುತ್ತೆ, ಆಮೇಲೆ ಸತ್ತೋಗುತ್ತೆ. ಮೇಲೆ ಒಂದು ತಟ್ಟಿದ್ರೆ ಮತ್ತೆ ಉರಿಯುತ್ತೆ. ಇದನ್ನ ಗುಜರಿಗೆ ಹಾಕೋದೇ ಸರಿನಾ?" ಅಂತ ಕೇಳಿದ್ರು.

ತಟ್ಟಿದ್ರೆ ಉರಿಯುತ್ತೆ ಅಂದಾಗಲೇ ಅರ್ಧ ಉತ್ತರ ಸಿಕ್ಕಿತ್ತು. ಬ್ಯಾಟರಿ ಹೋಗಿದ್ರೆ ತಟ್ಟಿದ್ರೂ ಉರಿಯಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ನೋಡಿದ್ರೆ, ಆನ್ ಆಫ್ ಸ್ವಿಚ್ಚಿನ ಕಾಲು ಬೋರ್ಡಿಗೆ ಅಂಟಿರೋ ಕಡೆ ಕೂದಲೆಳೆಯಷ್ಟು ತೆಳ್ಳಗೆ ಉಂಗುರದ ತರ ಬಿರುಕು. ದಿನಾ ಸ್ವಿಚ್ ಒತ್ತಿ ಒತ್ತಿ ಆ ಬೆಸುಗೆ ಬಿಟ್ಕೊಂಡಿತ್ತು. ಅದನ್ನ ಮತ್ತೆ ಕರಗಿಸಿ ಕೂರಿಸೋಕೆ ಎರಡು ನಿಮಿಷ ಸಾಕಾಯ್ತು. ಎರಡು ಬ್ಯಾಟರಿಯ ದುಡ್ಡು ಮಾತ್ರ ಸುಮ್ನೆ ಹೋಗಿತ್ತು.

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟ ಮೇಲೆ ಸ್ವಲ್ಪ ದಿನ ಒಂದು ರಿಪೇರಿ ಅಂಗಡೀಲಿ ಕೂತಿದ್ದೆ. ಅಲ್ಲಿಗೆ ಬರ್ತಿದ್ದ ಸಾಮಾನಲ್ಲಿ ಎಷ್ಟೋ ಇಂಥವೇ. ಪಾರ್ಟ್ ಸತ್ತಿರಲ್ಲ, ಪಾರ್ಟಿನ ಕಾಲು ಬಿಟ್ಕೊಂಡಿರುತ್ತೆ. ಈಗ ಹೈಸ್ಕೂಲು, ಪಿಯು, ಐಟಿಐ ಓದೋ ಹುಡುಗರು ವಿಡಿಯೋ ನೋಡಿ ಸೋಲ್ಡರಿಂಗ್ ಐರನ್ ತರಿಸ್ಕೋತಿದ್ದಾರೆ. ಒಳ್ಳೇದೇ. ಆದ್ರೆ ತುಂಬಾ ಜನ ಒಂದೇ ವಾರಕ್ಕೆ "ಅಣ್ಣ, ಇದು ಲೆಡ್ಡು ಹಿಡೀತಿಲ್ಲ, ಡಬ್ಬಾ ಐಟಂ" ಅಂತ ಮೂಲೆಗೆ ಎಸೀತಾರೆ. ಐರನ್ ಡಬ್ಬಾ ಅಲ್ಲ, ಬಳಸೋ ರೀತಿ ತಪ್ಪು. ಅದಕ್ಕೆ ಈ ಬರಹ.

ಡ್ರೈ ಸೋಲ್ಡರ್ ಅಂದ್ರೇನು?

ರಿಪೇರಿಯವರ ಬಾಯಲ್ಲಿ "ಡ್ರೈ ಸೋಲ್ಡರ್" ಅನ್ನೋ ಮಾತು ಕೇಳಿರ್ತೀರಿ. ಮೇಲೆ ನೋಡಿದ್ರೆ ಬೆಸುಗೆ ಇದ್ದ ಹಾಗೇ ಕಾಣುತ್ತೆ, ಒಳಗೆ ಕಾಲಿಗೂ ಬೋರ್ಡಿನ ತಾಮ್ರಕ್ಕೂ ಸರಿಯಾಗಿ ಹಿಡಿದಿರಲ್ಲ. ಕರೆಂಟು ಒಮ್ಮೆ ದಾಟುತ್ತೆ, ಒಮ್ಮೆ ದಾಟಲ್ಲ.

ಇದು ಎರಡು ರೀತಿ ಹುಟ್ಟುತ್ತೆ. ಒಂದು, ಬೆಸುಗೆ ಹಾಕಿದ ದಿನವೇ ಸರಿಯಾಗಿ ಹಾಕಿರಲ್ಲ. ಇನ್ನೊಂದು, ವರ್ಷ ಕಳೆದ ಹಾಗೆ ಬಿಟ್ಕೊಳ್ಳುತ್ತೆ. ಬಿಸಿಯಾದಾಗ ಎಲ್ಲಾ ಲೋಹ ಹಿಗ್ಗುತ್ತೆ, ತಣ್ಣಗಾದಾಗ ಕುಗ್ಗುತ್ತೆ. ಸ್ಟೆಬಿಲೈಸರ್, ಯುಪಿಎಸ್, ಬೋರ್‌ವೆಲ್ ಆಟೋ ಸ್ಟಾರ್ಟರ್ ಬೋರ್ಡು ಇವೆಲ್ಲ ದಿನಕ್ಕೆ ಎಷ್ಟೋ ಸಲ ಬಿಸಿಯಾಗಿ ತಣ್ಣಗಾಗುತ್ತೆ. ಟ್ರಾನ್ಸ್‌ಫಾರ್ಮರ್, ರಿಲೇ ತರದ ತೂಕದ ಪಾರ್ಟು, ಪಿನ್ ಚುಚ್ಚಿ ಕೀಳೋ ಸಾಕೆಟ್ಟು, ದಿನಾ ಒತ್ತೋ ಸ್ವಿಚ್ಚು, ಇವುಗಳ ಕಾಲಲ್ಲಿ ಬಿರುಕು ಮೊದಲು ಬರುತ್ತೆ. ಕೆಟ್ಟ ಬೋರ್ಡು ಕೈಗೆ ಸಿಕ್ಕಿದ್ರೆ ಮೊದಲು ಈ ಜಾಗಗಳನ್ನೇ ಭೂತಗನ್ನಡಿ ಹಿಡಿದು ನೋಡಿ.

ಹಳೇದು ಬಿಟ್ಕೊಂಡಿದ್ದು ನಮ್ಮ ತಪ್ಪಲ್ಲ. ಆದ್ರೆ ಅದನ್ನ ಸರಿ ಮಾಡ್ತೀನಿ ಅಂತ ಹೋಗಿ ನಾವೇ ಹೊಸ ಡ್ರೈ ಸೋಲ್ಡರ್ ಮಾಡಿಬಿಟ್ರೆ ಅದು ನಮ್ಮದೇ ತಪ್ಪು. ಇವತ್ತು ಆನ್ ಆಗುತ್ತೆ, ಗಿರಾಕಿ ದುಡ್ಡು ಕೊಟ್ಟು ಹೋಗ್ತಾರೆ, ಹದಿನೈದು ದಿನಕ್ಕೆ ವಾಪಸ್ ಬರ್ತಾರೆ. ಅಂಗಡಿಯ ಹೆಸರು ಕೆಡೋದು ಹಿಂಗೇ.

ಕಲಾಯಿ ಹಾಕೋರನ್ನ ನೆನಪು ಮಾಡ್ಕೊಳ್ಳಿ

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕೋರು ಬೀದಿಗೆ ಬರ್ತಿದ್ದದ್ದು ಮನೆಯ ಹಿರಿಯರಿಗೆ ಗೊತ್ತಿರುತ್ತೆ. ಅವರು ಮೊದಲು ಪಾತ್ರೆ ತಿಕ್ಕಿ ತೊಳೀತಾರೆ. ಇದ್ದಿಲ ಮೇಲಿಟ್ಟು ತಿದಿ ಒತ್ತಿ ಪಾತ್ರೇನ ಕಾಯಿಸ್ತಾರೆ. ನವಸಾಗರದ ಪುಡಿ ಹಾಕಿದ ಕೂಡ್ಲೇ ಬುಸ್ ಅಂತ ಬಿಳಿ ಹೊಗೆ ಏಳುತ್ತೆ. ತವರದ ಕಡ್ಡಿ ಮುಟ್ಟಿಸಿದ್ರೆ ಅದು ಕರಗುತ್ತೆ, ಹತ್ತಿ ಬಟ್ಟೇಲಿ ಒರೆಸಿದ್ರೆ ಪಾತ್ರೆ ತುಂಬಾ ಬೆಳ್ಳಗೆ ಹರಡುತ್ತೆ.

ಸೋಲ್ಡರಿಂಗ್ ಕೂಡ ಇದೇ ಕೆಲಸ, ಸಣ್ಣದಾಗಿ. ಕಲಾಯಿಯವರು ತವರವನ್ನ ಬೇರೆ ಬಾಣಲೇಲಿ ಕರಗಿಸಿ ತಂದು ತಣ್ಣನೆ ಪಾತ್ರೆಗೆ ಸುರಿಯಲ್ಲ. ಸುರಿದ್ರೆ ಅದು ಹಿಡಿಯಲ್ಲ, ಬಿಲ್ಲೆ ತರ ಎದ್ದು ಬರುತ್ತೆ. ಪಾತ್ರೇನೇ ಕಾದು, ಆ ಬಿಸಿಗೇ ತವರ ಕರಗಬೇಕು. ಕ್ಲೀನು, ಬಿಸಿ, ನವಸಾಗರ, ಆಮೇಲೆ ತವರ. ಈ ನಾಲ್ಕರಲ್ಲಿ ಒಂದು ತಪ್ಪಿದ್ರೂ ಕಲಾಯಿ ನಿಲ್ಲಲ್ಲ. ನಮ್ಮ ಕೆಲಸದಲ್ಲಿ ನವಸಾಗರದ ಜಾಗದಲ್ಲಿ ಪೈನ್ ಮರದ ರಾಳ ಇರುತ್ತೆ, ಅಷ್ಟೇ ವ್ಯತ್ಯಾಸ.

ಏನೇನು ತಗೋಬೇಕು

ಕಲಿಯೋರಿಗೆ 25 ವ್ಯಾಟಿನ ಐರನ್ ಸಾಕು. ದಪ್ಪ ವೈರಿಗೆ, ಬ್ಯಾಟರಿ ಕೇಬಲ್ಲಿಗೆ 60 ವ್ಯಾಟ್ ಬೇಕಾಗುತ್ತೆ, ಅದನ್ನ ಸಣ್ಣ ಬೋರ್ಡಿಗೆ ಹಾಕಿದ್ರೆ ತಾಮ್ರದ ಪಟ್ಟಿ ಎದ್ದು ಬರುತ್ತೆ. ಆದಷ್ಟೂ ಮೂರು ಪಿನ್ನಿನ ಪ್ಲಗ್ ಇರೋದು ನೋಡಿ, ಅರ್ಥಿಂಗ್ ಇರೋ ಸಾಕೆಟ್ಟಿಗೇ ಹಾಕಿ. ಐರನ್ ಒಳಗೆ ಲೀಕ್ ಆದ್ರೆ ಆ ಕರೆಂಟು ನಿಮ್ಮ ಕೈಗೆ ಬರೋ ಬದಲು ಅರ್ಥಿಗೆ ಹೋಗಲಿ. ಕೈಯಲ್ಲಿ ದುಡ್ಡು ಇದ್ರೆ ಟೆಂಪರೇಚರ್ ಸೆಟ್ ಮಾಡೋ ಐರನ್ ತಗೊಳ್ಳಿ, ಬಿಟ್ ಜಾಸ್ತಿ ದಿನ ಬಾಳುತ್ತೆ.

ಬಿಟ್ ಅಂದ್ರೆ ಐರನ್ನಿನ ತುದಿ. ಸೂಜಿ ತರ ಚೂಪಾಗಿರೋದು ನೋಡೋಕೆ ಚೆನ್ನ, ಕೆಲಸಕ್ಕೆ ಉಳಿ ತರ ಚಪ್ಪಟೆ ಇರೋದು ವಾಸಿ. ಚಪ್ಪಟೆ ತುದಿ ಜಾಸ್ತಿ ಜಾಗ ಮುಟ್ಟುತ್ತೆ, ಬಿಸಿ ಬೇಗ ದಾಟುತ್ತೆ.

ನಾವು "ಲೆಡ್ಡು" ಅಂತ ಕರೆಯೋ ವೈರು ಬರೀ ಸೀಸ ಅಲ್ಲ. 60/40 ಅಂತ ಬರೆದಿದ್ರೆ ನೂರಕ್ಕೆ 60 ಪಾಲು ತವರ, 40 ಪಾಲು ಸೀಸ. ಬರೀ ತವರ ಕರಗೋಕೆ 232 ಡಿಗ್ರಿ ಬೇಕು, ಬರೀ ಸೀಸಕ್ಕೆ 327 ಡಿಗ್ರಿ. ಎರಡನ್ನೂ ಬೆರೆಸಿದ್ರೆ ಎರಡಕ್ಕಿಂತ ಬೇಗ ಕರಗುತ್ತೆ. 60/40 ವೈರು 183 ಡಿಗ್ರಿಗೆ ಮೆತ್ತಗಾಗೋಕೆ ಶುರುವಾಗಿ 190ರ ಹತ್ತಿರ ಪೂರ್ತಿ ನೀರಾಗುತ್ತೆ. 63/37 ಅಂತ ಸಿಕ್ಕಿದ್ರೆ ಇನ್ನೂ ಒಳ್ಳೇದು, ಅದು 183ಕ್ಕೆ ಒಂದೇ ಸಲ ಕರಗುತ್ತೆ, ಒಂದೇ ಸಲ ಗಟ್ಟಿಯಾಗುತ್ತೆ. 0.8 ಅಥವಾ 1 ಮಿಲಿಮೀಟರ್ ದಪ್ಪದ್ದು ತಗೊಳ್ಳಿ. ವೈರಿನ ಒಳಗೆ ರಾಳ ತುಂಬಿರೋದೇ ಬೇಕು ಅಂತ ಕೇಳಿ.

ಇದರ ಜೊತೆ ಒಂದು ಸ್ಟ್ಯಾಂಡು, ಒರೆಸೋಕೆ ಹಿತ್ತಾಳೆ ತಂತಿಯ ಉಂಡೆ ಇಲ್ಲವೇ ಸೋಲ್ಡರಿಂಗ್ ಸ್ಪಂಜು, ಹಳೇ ಲೆಡ್ಡು ಎಳೆಯೋ ಪಂಪು. ಪಾತ್ರೆ ತೊಳೆಯೋ ಪ್ಲಾಸ್ಟಿಕ್ ಸ್ಪಂಜು ಬೇಡ, ಕರಗಿ ಬಿಟ್ಟಿಗೆ ಅಂಟುತ್ತೆ. ಸ್ಪಂಜನ್ನ ನೆನೆಸಿ ಚೆನ್ನಾಗಿ ಹಿಂಡಿ, ಬರೀ ಒದ್ದೆ ಇದ್ರೆ ಸಾಕು. ಬೋರ್‌ವೆಲ್ಲಿನ ಗಡಸು ನೀರಲ್ಲಿ ಉಪ್ಪಿನಂಶ ಜಾಸ್ತಿ, ಅದು ಬಿಟ್ಟಿನ ಮೇಲೆ ಕೂರುತ್ತೆ. ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಮನೇಲಿ ಇದ್ರೆ ಅದನ್ನೇ ಎರಡು ಚಮಚ ಹಾಕಿ.

ಹೊಸ ಐರನ್ನಿಗೆ ಮೊದಲ ಕಲಾಯಿ

ಹೊಸ ಐರನ್ ಹಾಳಾಗೋದು ಎಷ್ಟೋ ಸಲ ಮೊದಲ ಹತ್ತು ನಿಮಿಷದಲ್ಲೇ. ಪ್ಲಗ್ ಹಾಕಿ "ಕಾಯಲಿ" ಅಂತ ಬಿಟ್ಟು ಟೀ ಕುಡಿಯೋಕೆ ಹೋಗ್ತಾರೆ. ಬರೋ ಹೊತ್ತಿಗೆ ಬಿಟ್ ಕಪ್ಪಾಗಿರುತ್ತೆ.

ಸರಿಯಾದ ಕ್ರಮ ಹೀಗೆ. ಪ್ಲಗ್ ಹಾಕಿದ ಮೇಲೆ ಲೆಡ್ಡು ವೈರನ್ನ ಬಿಟ್ಟಿಗೆ ಆಗಾಗ ಮುಟ್ಟಿಸ್ತಾ ಇರಿ. ಕರಗೋಕೆ ಶುರುವಾದ ಕ್ಷಣಕ್ಕೇ ತುದಿಯ ಸುತ್ತ ಲೆಡ್ಡು ಬಳೀರಿ. ಹಿತ್ತಾಳೆ ಉಂಡೇಲಿ ಒಮ್ಮೆ ಚುಚ್ಚಿ ತೆಗೆದು ಮತ್ತೆ ಬಳೀರಿ. ತುದಿ ಪೂರ್ತಿ ಬೆಳ್ಳಿ ತರ ಹೊಳೀಬೇಕು. ಇದೇ ಬಿಟ್ಟಿನ ಕಲಾಯಿ. ಈ ಪದರ ಇದ್ರೆ ಗಾಳಿ ಬಿಟ್ಟಿನ ಲೋಹಕ್ಕೆ ತಾಗಲ್ಲ, ಕಪ್ಪಾಗಲ್ಲ. ಐರನ್ನಿನ ಆಯಸ್ಸು ಈ ಪದರದ ಮೇಲೇ ನಿಂತಿದೆ.

ಬೆಸುಗೆ ಹಾಕೋ ಕ್ರಮ

1. ಕ್ಲೀನು: ಪಾರ್ಟಿನ ಕಾಲು, ಬೋರ್ಡಿನ ತಾಮ್ರ ಎರಡೂ ಹೊಳೀಬೇಕು. ಹಳೇ ಪಾರ್ಟಿನ ಕಾಲು ಕಪ್ಪಾಗಿದ್ರೆ ಬ್ಲೇಡಲ್ಲಿ ಹಗುರವಾಗಿ ಕೆರೀರಿ. ಎಣ್ಣೆ ಕೈ, ಬೆವರು ಕೈ ತಾಗಿಸ್ಬೇಡಿ.

2. ಬಿಟ್ ಒರೆಸಿ: ಪ್ರತಿ ಬೆಸುಗೆಗೂ ಮುಂಚೆ ಒಮ್ಮೆ. ಒರೆಸಿದ ಮೇಲೆ ಒಂದು ಚೂರು ಹೊಸ ಲೆಡ್ಡು ತುದಿಗೆ. ಇದು ಬೆಸುಗೆಗಲ್ಲ, ಬಿಸಿ ದಾಟೋಕೆ ಸೇತುವೆ.

3. ಬಿಟ್ಟನ್ನ ಕಾಲಿಗೂ ಬೋರ್ಡಿನ ತಾಮ್ರಕ್ಕೂ ಎರಡಕ್ಕೂ ತಾಗೋ ಹಾಗೆ ಇಡಿ. ಮನಸ್ಸಲ್ಲೇ "ಒಂದು" ಅಂತ ಎಣಿಸಿ.

4. ಈಗ ಲೆಡ್ಡು ವೈರನ್ನ ಬಿಟ್ಟಿಗಲ್ಲ, ಬಿಟ್ಟಿನ ಎದುರು ಬದಿಯಿಂದ ಕಾಲು ಮತ್ತು ತಾಮ್ರ ಸೇರೋ ಮೂಲೆಗೆ ಮುಟ್ಟಿಸಿ. ಜಾಗ ಕಾದಿದ್ರೆ ವೈರು ತಾನೇ ಕರಗಿ ಸುತ್ತ ಓಡುತ್ತೆ. "ಎರಡು."

5. ಸುತ್ತ ತುಂಬಿದ ಕೂಡ್ಲೇ ಮೊದಲು ವೈರ್ ತೆಗೀರಿ. "ಮೂರು" ಅಂತ ಎಣಿಸಿ ಬಿಟ್ ತೆಗೀರಿ. ಉಲ್ಟಾ ಮಾಡಿದ್ರೆ ವೈರೇ ಅಲ್ಲಿ ಅಂಟ್ಕೊಂಡು ಕೂರುತ್ತೆ.

6. ಅಲುಗಾಡಿಸ್ಬೇಡಿ. ಉಫ್ ಅಂತ ಊದ್ಬೇಡಿ. 60/40 ಲೆಡ್ಡು ಗಟ್ಟಿಯಾಗೋ ಮುಂಚೆ ಕ್ಷಣಹೊತ್ತು ಗಂಜಿ ತರ ಇರುತ್ತೆ. ಆಗ ಅಲುಗಿದ್ರೆ ಒಳಗೆ ಬಿರುಕು.

ಸಣ್ಣ ಪಾರ್ಟಿಗೆ ಒಟ್ಟು ಎರಡರಿಂದ ಮೂರು ಸೆಕೆಂಡು ಸಾಕು. ಐದು ಸೆಕೆಂಡಾದ್ರೂ ಕರಗ್ತಿಲ್ಲ ಅಂದ್ರೆ ಒತ್ತಿ ಹಿಡೀಬೇಡಿ. ಬಿಟ್ ಕೊಳೆಯಾಗಿದೆ, ಇಲ್ಲಾ ಆ ಜಾಗಕ್ಕೆ ದೊಡ್ಡ ಬಿಟ್ ಬೇಕು. ಒತ್ತೋದ್ರಿಂದ ಬಿಸಿ ಜಾಸ್ತಿಯಾಗಲ್ಲ, ಬಿಟ್ಟಿನ ಲೇಪನ ಸವೆಯುತ್ತೆ ಅಷ್ಟೇ.

ನಾಲ್ಕನೇ ಹೆಜ್ಜೇಲೇ ತುಂಬಾ ಜನ ಎಡವೋದು. ಬಿಟ್ಟಿನ ಮೇಲೆ ಲೆಡ್ಡು ಕರಗಿಸ್ಕೊಂಡು, ಚಮಚದಲ್ಲಿ ಸಾರು ತಂದ ಹಾಗೆ ತಂದು ಜಾಗಕ್ಕೆ ಬಡೀತಾರೆ. ಅಷ್ಟರಲ್ಲಿ ವೈರೊಳಗಿದ್ದ ರಾಳ ಬಿಟ್ಟಿನ ಮೇಲೇ ಸುಟ್ಟು ಹೊಗೆಯಾಗಿ ಹೋಗಿರುತ್ತೆ. ರಾಳ ಇರೋದು ತಾಮ್ರದ ಮೇಲಿನ ಕಿಲುಬು ತೆಗೆಯೋಕೆ. ಅದೇ ಇಲ್ಲ, ಜಾಗವೂ ತಣ್ಣಗಿದೆ, ಇನ್ನು ಲೆಡ್ಡು ಹಿಡಿಯೋದೆಲ್ಲಿ? ಮೇಲೆ ಕೂತಿರುತ್ತೆ, ಅಷ್ಟೇ.

ನೋಡಿದ್ರೆ ಗೊತ್ತಾಗುತ್ತೆ

ಒಳ್ಳೆ ಬೆಸುಗೆ ಗುಡ್ಡ ಇಳಿದು ತಪ್ಪಲು ಹರಡಿದ ಹಾಗಿರುತ್ತೆ. ಕಾಲಿನ ಹತ್ತಿರ ಎತ್ತರ, ಅಂಚಿಗೆ ಬರ್ತಾ ತೆಳ್ಳಗಾಗಿ ತಾಮ್ರದಲ್ಲಿ ಸೇರಿಹೋಗುತ್ತೆ. ಸೀಸ ಇರೋ ಲೆಡ್ಡಾದ್ರೆ ಹೊಳೆಯುತ್ತೆ. ಕಾಲಿನ ಆಕಾರ ಒಳಗಿಂದ ಗೊತ್ತಾಗಬೇಕು.

ಕೆಟ್ಟ ಬೆಸುಗೆ ಉಂಡೆ ತರ. ಕೆಸುವಿನ ಎಲೆ ಮೇಲೆ ನೀರಿನ ಹನಿ ಕೂತ ಹಾಗೆ ಅಂಚು ಒಳಗೆ ಮಡಚಿಕೊಂಡಿರುತ್ತೆ. ಬೂದು ಬಣ್ಣ, ಮೈ ಒರಟು. ಕಾಲಿನ ಸುತ್ತ ಸಣ್ಣ ಸಂದು. ಅನುಮಾನ ಬಂದ್ರೆ ಕಡ್ಡಿಯಿಂದ ಪಾರ್ಟನ್ನ ಮೆಲ್ಲಗೆ ಅಲುಗಿಸಿ, ಕಾಲು ಅಲ್ಲಾಡಿದ್ರೆ ಅದು ಹಿಡಿದಿಲ್ಲ.

ಇಂಥದ್ದಕ್ಕೆ ಮೇಲಿಂದ ಇನ್ನಷ್ಟು ಲೆಡ್ಡು ಸುರಿಯೋದು ಪರಿಹಾರ ಅಲ್ಲ. ಹಳೇದನ್ನ ಪಂಪಲ್ಲಿ ಎಳೆದು, ಕ್ಲೀನ್ ಮಾಡಿ, ಹೊಸದಾಗಿ ಹಾಕಿ. ಪಂಪು ಹಿಡಿಯೋ ಮುಂಚೆ ಹಳೇ ಬೆಸುಗೆಗೆ ಒಂದು ಚೂರು ಹೊಸ ಲೆಡ್ಡು ಸೇರಿಸಿದ್ರೆ ಅದು ಚೆನ್ನಾಗಿ ಕರಗಿ ಸುಲಭವಾಗಿ ಬರುತ್ತೆ.

ನಾನು ಮಾಡಿದ ಮೂರು ತಪ್ಪು

ಮೊದಲನೇದು, ಬಿಟ್ ಕಪ್ಪಾಯ್ತು ಅಂತ ಅರ ಹಾಕಿ ಉಜ್ಜಿದೆ. ಒಂದು ದಿನ ಫಳಫಳ ಅಂತಿತ್ತು. ಎರಡೇ ವಾರಕ್ಕೆ ತುದೀಲಿ ಗುಳಿ ಬಿತ್ತು. ಕಾರಣ ಆಮೇಲೆ ಗೊತ್ತಾಯ್ತು. ಈಗಿನ ಬಿಟ್ಟುಗಳ ಒಳಗೆ ತಾಮ್ರ, ಮೇಲೆ ಕಬ್ಬಿಣದ ತೆಳು ಲೇಪನ. ತಾಮ್ರ ಬಿಸಿ ಸಾಗಿಸುತ್ತೆ, ಕಬ್ಬಿಣ ಅದನ್ನ ಕಾಯುತ್ತೆ. ಕರಗಿದ ತವರ ತಾಮ್ರವನ್ನ ತಿಂದು ಹಾಕುತ್ತೆ, ನೀರಲ್ಲಿ ಬೆಲ್ಲ ಕರಗಿದ ಹಾಗೆ. ನಾನು ಅರದಲ್ಲಿ ತೆಗೆದಿದ್ದು ಆ ಕಾವಲುಗಾರನನ್ನೇ. ತೀರಾ ಹಳೇ ಮಾದರಿಯ ಬರೀ ತಾಮ್ರದ ಬಿಟ್ಟಾದ್ರೆ ಅರ ಹಾಕಿ ಮತ್ತೆ ಕಲಾಯಿ ಮಾಡಬಹುದು. ಯಾವುದು ಅಂತ ತಿಳಿಯೋಕೆ ಬಿಟ್ ತಣ್ಣಗಿದ್ದಾಗ ಮ್ಯಾಗ್ನೆಟ್ ಹಿಡೀರಿ. ಅಂಟಿಕೊಂಡ್ರೆ ಲೇಪನ ಇದೆ, ಅರ ಮುಟ್ಟಿಸ್ಬೇಡಿ. ಸ್ಯಾಂಡ್ ಪೇಪರ್ರೂ ಬೇಡ.

ಎರಡನೇದು, ಪೈಪು, ತಗಡು ಬೆಸೆಯೋಕೆ ಬಳಸೋ ಆ್ಯಸಿಡ್ ಪೇಸ್ಟನ್ನ ಬೋರ್ಡಿಗೆ ಹಾಕಿದೆ. ಲೆಡ್ಡು ಚೆನ್ನಾಗೇ ಹಿಡೀತು. ಮಳೆಗಾಲ ಬಂದಾಗ ಆ ರೇಡಿಯೋ ಸತ್ತೋಯ್ತು. ಬಿಚ್ಚಿ ನೋಡಿದ್ರೆ ಕಾಲುಗಳ ಸುತ್ತ ಹಸಿರು ಕಿಲುಬು. ಆ್ಯಸಿಡ್ ಅಲ್ಲೇ ಉಳಿದು ತಾಮ್ರವನ್ನ ತಿಂದಿತ್ತು. ಎಲೆಕ್ಟ್ರಾನಿಕ್ಸಿಗೆ ರಾಳದ ಫ್ಲಕ್ಸ್ ಮಾತ್ರ.

ಮೂರನೇದು, ಐರನ್ನನ್ನ ಇಡೀ ದಿನ ಆನ್ ಇಟ್ಟೆ. "ಮತ್ತೆ ಗಿರಾಕಿ ಬಂದ್ರೆ ಕಾಯೋದ್ಯಾರು" ಅನ್ನೋ ಅವಸರ. ಬಿಟ್ಟಿನ ಮೇಲಿನ ಲೆಡ್ಡು ಪೂರ್ತಿ ಸುಟ್ಟು ಬೂದಿಯಾಯ್ತು. ಐದು ನಿಮಿಷದಲ್ಲಿ ಕಾಯೋ ವಸ್ತುವನ್ನ ಎಂಟು ಗಂಟೆ ಕಾಯಿಸಿ ಕೆಡಿಸಿದೆ.

ಐರನ್ ನೋಡ್ಕೊಳ್ಳೋದು ಹೇಗೆ

ಒಂದು ಅಭ್ಯಾಸ ಮಾಡ್ಕೊಂಡ್ರೆ ಸಾಕು. ಕೆಲಸ ಮುಗಿದಾಗ ಬಿಟ್ ಒರೆಸಿ, ತುದಿಗೆ ದಪ್ಪಗೆ ಒಂದು ಹನಿ ಹೊಸ ಲೆಡ್ಡು ಹಾಕಿ, ಹಾಗೇ ಸ್ವಿಚ್ ಆಫ್ ಮಾಡಿ. ಆ ಹನಿ ಮೇಲೇ ತಣ್ಣಗಾಗಿ ಬಿಟ್ಟನ್ನ ಮುಚ್ಚಿಕೊಂಡಿರುತ್ತೆ. ನಾಳೆ ಆನ್ ಮಾಡಿ ಕರಗಿದ ಮೇಲೆ ಒರೆಸಿ, ಕೆಲಸ ಶುರು ಮಾಡಿ. ತುಂಬಾ ಜನ ಮಾಡೋದು ಉಲ್ಟಾ. ಚೊಕ್ಕಟವಾಗಿರಲಿ ಅಂತ ಫಳಫಳ ಒರೆಸಿ ಇಡ್ತಾರೆ. ಬರೀ ಮೈ ಬಿಸಿ ಬಿಟ್ಟು ಗಾಳಿಗೆ ಕಪ್ಪಾಗುತ್ತೆ.

ನಡುವೆ ಹತ್ತು ನಿಮಿಷ ಕೆಲಸ ಇಲ್ಲ ಅಂದ್ರೆ ಆಫ್ ಮಾಡಿ. ಟೆಂಪರೇಚರ್ ಸೆಟ್ ಮಾಡೋ ಐರನ್ ಆದ್ರೆ 60/40 ಲೆಡ್ಡಿಗೆ 320ರಿಂದ 350 ಡಿಗ್ರಿ ಒಳಗೇ ಇಡಿ. "ಬೇಗ ಕರಗಲಿ" ಅಂತ 450ಕ್ಕೆ ಇಟ್ರೆ ರಾಳ ಕೆಲಸ ಮಾಡೋ ಮುಂಚೆ ಸುಟ್ಟೋಗುತ್ತೆ, ಬಿಟ್ಟೂ ಬೇಗ ಸಾಯುತ್ತೆ.

ಬಿಟ್ ಆಗಲೇ ಕಪ್ಪಾಗಿ ಲೆಡ್ಡು ಜಾರಿ ಬೀಳ್ತಿದೆಯಾ? ಎಸೀಬೇಡಿ. ಬಿಸಿ ಇರೋವಾಗ ಹಿತ್ತಾಳೆ ಉಂಡೇಲಿ ನಾಲ್ಕೈದು ಸಲ ಚುಚ್ಚಿ. ರಾಳದ ಗಟ್ಟೀಲಿ ಅದ್ದಿ ತಕ್ಷಣ ಲೆಡ್ಡು ಬಳೀರಿ. ಒರೆಸಿ, ಅದ್ದಿ, ಬಳೀರಿ. ಹತ್ತು ಸಲ ಮಾಡಿದ್ರೆ ಒಂದು ಮೂಲೇಲಿ ಬೆಳ್ಳಗಾಗೋಕೆ ಶುರುವಾಗುತ್ತೆ, ಅಲ್ಲಿಂದ ಮೆಲ್ಲಗೆ ಹರಡುತ್ತೆ. ಹಾಗೂ ಹಿಡೀಲಿಲ್ಲ, ಗುಳಿ ಬಿದ್ದಿದೆ ಅಂದ್ರೆ ಬಿಟ್ ಮಾತ್ರ ಬದಲಾಯಿಸಿ, ಐರನ್ ಅಲ್ಲ.

ಪ್ಲಾಸ್ಟಿಕ್ ಕತ್ತರಿಸೋಕೆ, ಚೇರಿಗೆ ತೂತು ಮಾಡೋಕೆ, ಹಗ್ಗದ ತುದಿ ಸುಡೋಕೆ ಇದೇ ಐರನ್ ಬಳಸೋ ಚಾಳಿ ನಮ್ಮಲ್ಲಿ ಜಾಸ್ತಿ. ಪ್ಲಾಸ್ಟಿಕ್ ಸುಟ್ಟು ಬಿಟ್ಟಿಗೆ ಅಂಟಿದ್ರೆ ಆಮೇಲೆ ಲೆಡ್ಡು ಹಿಡಿಯೋದು ಕಷ್ಟ. ಆ ಕೆಲಸಕ್ಕೆ ಸತ್ತ ಬಿಟ್ ಒಂದನ್ನ ಬೇರೆ ಇಟ್ಕೊಳ್ಳಿ.

ಹೊಸ ಬೋರ್ಡು ಯಾಕೆ ಕರಗಲ್ಲ?

"ಹಳೇ ಟೇಪ್ ರೆಕಾರ್ಡರ್ ಬೋರ್ಡು ಬೆಣ್ಣೆ ತರ ಕರಗುತ್ತೆ, ಈಗಿನ ಬೋರ್ಡು ಕರಗೋದೇ ಇಲ್ಲ" ಅಂತ ಹುಡುಗರು ಕೇಳ್ತಾರೆ. ಯುರೋಪಿನಲ್ಲಿ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸಾಮಾನಲ್ಲಿ ಸೀಸಕ್ಕೆ ನಿರ್ಬಂಧ ಬಂತು. ನಮ್ಮ ದೇಶದ ಇ-ತ್ಯಾಜ್ಯ ನಿಯಮದಲ್ಲೂ ಸೀಸಕ್ಕೆ ಮಿತಿ ಇದೆ. ಹಾಗಾಗಿ ಕಂಪನಿಗಳು ಸೀಸ ಬಿಟ್ಟು ತವರ, ಬೆಳ್ಳಿ, ತಾಮ್ರ ಬೆರೆಸಿದ ಬೆಸುಗೆ ಹಾಕ್ತಿವೆ. ಅದು ಕರಗೋದು 217 ಡಿಗ್ರಿ ದಾಟಿದ ಮೇಲೆ. ಅದರ ಮೈ ಸ್ವಲ್ಪ ಮಂಕಾಗೇ ಇರುತ್ತೆ, ಬೂದು ಕಂಡ ಕೂಡ್ಲೇ ಡ್ರೈ ಸೋಲ್ಡರ್ ಅಂದ್ಕೋಬೇಡಿ. ಅಂಚು ಹರಡಿದೆಯಾ, ಉಂಗುರದ ಬಿರುಕು ಇದೆಯಾ, ಅಷ್ಟು ನೋಡಿ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಮೊದಲು ಕಲಿಯೋರು ಬ್ಯಾಟರಿ ಮೇಲೆ ನಡೆಯೋ ಸಾಮಾನಲ್ಲೇ ಕಲೀರಿ. ಆಟಿಕೆ, ರೇಡಿಯೋ, ಟಾರ್ಚು. ಗೋಡೆ ಪ್ಲಗ್ಗಿಗೆ ನೇರ ಹಾಕೋ ಸಾಮಾನಿನ ಒಳಗೆ ದೊಡ್ಡ ಕೆಪಾಸಿಟರ್ ಇರುತ್ತೆ. 230 ವೋಲ್ಟ್ ಎಸಿ ಡಿಸಿಯಾದಾಗ ಅದರಲ್ಲಿ 325 ವೋಲ್ಟ್ ಹತ್ತಿರ ನಿಲ್ಲುತ್ತೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು. ಮೈಕ್ರೋವೇವ್ ಓವನ್, ಹಳೇ ದಪ್ಪ ಟಿವಿ ಇವನ್ನಂತೂ ಕಲಿಕೆಗೆ ಬಿಚ್ಚಲೇಬೇಡಿ, ಆ ವೋಲ್ಟೇಜ್ ಪ್ರಾಣ ತೆಗೆಯುತ್ತೆ.

ಕೆಲವು ಅಗ್ಗದ ಎಮರ್ಜೆನ್ಸಿ ಲೈಟು, ಸೊಳ್ಳೆ ಬ್ಯಾಟುಗಳಲ್ಲಿ ಟ್ರಾನ್ಸ್‌ಫಾರ್ಮರ್ರೇ ಇರಲ್ಲ. ಪ್ಲಗ್ ಹಾಕಿದ್ರೆ ಇಡೀ ಬೋರ್ಡಿಗೆ ಲೈನ್ ಕರೆಂಟು ಬಂದಿರುತ್ತೆ. ಯಾವ ಸಾಮಾನಾದ್ರೂ ಪ್ಲಗ್ ಕಿತ್ತೇ ಕೈ ಹಾಕಿ. ಲಿಥಿಯಂ ಸೆಲ್ಲಿಗೆ ನೇರ ಐರನ್ ಮುಟ್ಟಿಸ್ಬೇಡಿ. ಬಿಸಿಗೆ ಒಳಗೆ ಹಾಳಾಗಿ ಬೆಂಕಿ ಹತ್ಕೋಬಹುದು. ಅದಕ್ಕೆ ಪಟ್ಟಿ ಇರೋ ಸೆಲ್ ತಗೊಂಡು ಪಟ್ಟಿಗೆ ಬೆಸೀರಿ.

ಹೊಗೆ ಮುಖಕ್ಕೆ ಬಡೀದ ಹಾಗೆ ಕೂತ್ಕೊಳ್ಳಿ, ಕಿಟಕಿ ತೆರೀರಿ. ಆ ಹೊಗೆ ಹೆಚ್ಚಾಗಿ ರಾಳದ್ದು, ಉಸಿರಾಟದ ತೊಂದರೆ ಇರೋರಿಗೆ ಒಳ್ಳೇದಲ್ಲ. ಸೀಸದ ಅಪಾಯ ಇರೋದು ಕೈಯಿಂದ ಬಾಯಿಗೆ ಹೋಗೋದ್ರಲ್ಲಿ. ಲೆಡ್ಡು ಮುಟ್ಟಿದ ಕೈಯಲ್ಲಿ ಬೋಂಡಾ ತಿನ್ಬೇಡಿ, ವೈರನ್ನ ಹಲ್ಲಲ್ಲಿ ಕಚ್ಚಿ ಹಿಡೀಬೇಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೀರಿ. ಊಟದ ಟೇಬಲ್ ಮೇಲೆ, ಸಣ್ಣ ಮಕ್ಕಳು ಓಡಾಡೋ ಜಾಗದಲ್ಲಿ ಈ ಕೆಲಸ ಬೇಡ.

ಐರನ್ ಕೈ ಜಾರಿದ್ರೆ ಹಿಡಿಯೋಕೆ ಹೋಗ್ಬೇಡಿ, ಬೀಳಲಿ ಬಿಡಿ. ಕೈ ಸುಟ್ರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡೀರಿ. ಟೂತ್‌ಪೇಸ್ಟು, ಇಂಕು, ಬೆಣ್ಣೆ ಯಾವುದೂ ಹಚ್ಬೇಡಿ. ದೊಡ್ಡ ಗಾಯ ಆದ್ರೆ ಡಾಕ್ಟರ್ ಹತ್ರ ಹೋಗಿ.

ಅಂಗಡಿಯವರಿಗೆ ಎರಡು ಮಾತು

ಒಂದು, ಎಲೆಕ್ಟ್ರಾನಿಕ್ ತಕ್ಕಡಿ ಕೆಟ್ಟರೆ ಹುಡುಗರ ಕೈಗೆ ಕೊಟ್ಟು ಬಿಚ್ಚಿಸ್ಬೇಡಿ. ಅದಕ್ಕೆ ಕಾನೂನು ಮಾಪನ ಇಲಾಖೆಯ ಸೀಲ್ ಇರುತ್ತೆ. ತೂಕದ ಯಂತ್ರ ರಿಪೇರಿ ಮಾಡೋಕೆ ಲೈಸೆನ್ಸ್ ಇರೋರೇ ಬೇಕು. ಸೀಲ್ ಒಡೆದಿದ್ರೆ, ತೂಕ ಸರಿ ಇದ್ರೂ ತಪ್ಪು ನಿಮ್ಮ ಮೇಲೇ ಬರುತ್ತೆ. ಚಾರ್ಜರ್ ವೈರು ಹೊರಗಡೆ ಕಿತ್ತಿದ್ರೆ ಅದು ಬೇರೆ ಮಾತು.

ಎರಡು, ನೀವು ಐರನ್ ಹಿಡಿಯದೇ ಇದ್ರೂ ಪರವಾಗಿಲ್ಲ, ರಿಪೇರಿಗೆ ಕೊಡೋವಾಗ ಸಾಮಾನು ಹೇಗೆ ಕೆಡುತ್ತೆ ಅಂತ ಪೂರ್ತಿ ಹೇಳಿ. ತಟ್ಟಿದ್ರೆ ಬರುತ್ತೆ, ವೈರ್ ಒಂದು ಕಡೆ ಬಗ್ಗಿಸಿದ್ರೆ ಬರುತ್ತೆ, ಬೆಳಿಗ್ಗೆ ಸರಿ ಇರುತ್ತೆ, ಬಿಸಿಯಾದ ಮೇಲೆ ಹೋಗುತ್ತೆ, ಇವೆಲ್ಲ ಬಿಟ್ಕೊಂಡ ಬೆಸುಗೆಯ ಲಕ್ಷಣ ಆಗಿರಬಹುದು. "ಪಾರ್ಟ್ ಬದಲಾಯಿಸೋ ಮುಂಚೆ ಡ್ರೈ ಸೋಲ್ಡರ್ ಇದೆಯಾ ನೋಡಿ" ಅಂತ ಒಂದು ಮಾತು ಹೇಳಿದ್ರೆ, ಒಳ್ಳೆ ರಿಪೇರಿಯವರು ಬೇಜಾರು ಮಾಡ್ಕೊಳ್ಳಲ್ಲ.

ಎಲ್ಲಿಂದ ಶುರು ಮಾಡೋದು

ರಿಪೇರಿ ಅಂಗಡೀಲಿ ಕೇಳಿದ್ರೆ ಸತ್ತ ಬೋರ್ಡು ಸುಮ್ನೆ ಕೊಡ್ತಾರೆ. ಅದರಿಂದ ಇಪ್ಪತ್ತು ಪಾರ್ಟು ಬಿಚ್ಚಿ, ಮತ್ತೆ ಅಲ್ಲೇ ಕೂರಿಸಿ. ಮೊದಲ ಹತ್ತು ಉಂಡೆ ಆಗುತ್ತೆ. ಇಪ್ಪತ್ತನೇದು ಬರೋ ಹೊತ್ತಿಗೆ ಕೈ ಕೂರುತ್ತೆ. ಆಮೇಲೆ ಮನೆಯ ಟಾರ್ಚಿಗೆ ಕೈ ಹಾಕಿ, ಪಕ್ಕದ ಮನೆಯವರ ಸಾಮಾನು ಅದಾದ ಮೇಲೆ. ಇನ್ನು ಕೆಲಸಕ್ಕೆ ಬರದ ಬೋರ್ಡುಗಳನ್ನ ತಿಪ್ಪೆಗೆ ಎಸೆಯೋದು, ತಾಮ್ರಕ್ಕೋಸ್ಕರ ವೈರು ಸುಡೋದು ಮಾಡ್ಬೇಡಿ. ಅದರ ವಿಷ ನಮ್ಮ ನೀರಿಗೇ ಗಾಳಿಗೇ ಸೇರೋದು. ಬೇರೆ ಚೀಲದಲ್ಲಿಟ್ಟು ಇ-ತ್ಯಾಜ್ಯ ತಗೊಳ್ಳೋರಿಗೇ ಕೊಡಿ.

ಆ ದಿನಸಿ ಅಂಗಡಿಯ ಲೈಟು ಈಗಲೂ ಉರೀತಿದೆ. ಮೊನ್ನೆ ಸಂಜೆ ಕರೆಂಟು ಹೋದಾಗ ಅವರ ಎಂಟನೇ ಕ್ಲಾಸಿನ ಮಗ ಆ ಬೆಳಕಲ್ಲೇ ಕೂತು ಸತ್ತ ಬೋರ್ಡೊಂದರ ಪಾರ್ಟುಗಳನ್ನ ಎಣಿಸ್ತಿದ್ದ. ಐರನ್ ಕೊಡಿಸಪ್ಪ ಅಂತ ಅಪ್ಪನಿಗೆ ದುಂಬಾಲು ಬಿದ್ದಿದ್ದಾನಂತೆ. ಕೊಡಿಸಿ ಅಂದಿದ್ದೀನಿ. ಅವನಿಗೆ ಹೇಳಿರೋದು ಇಷ್ಟೇ: ದೊಡ್ಡವರು ಪಕ್ಕದಲ್ಲಿದ್ದಾಗಲೇ ಆನ್ ಮಾಡು, ಲೆಡ್ಡು ಬಿಸಿ ಮಾಡ್ಬೇಡ ಜಾಗ ಬಿಸಿ ಮಾಡು, ಆಫ್ ಮಾಡೋ ಮುಂಚೆ ಬಿಟ್ಟಿಗೆ ಒಂದು ಹನಿ ಲೆಡ್ಡು ಹಾಕೋದು ಮರೀಬೇಡ.